ತಲೆಯ ಮೇಲಿನ ಕೈ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೈಕ್‌ಸೆಟ್ ಅಂಗಡಿ ಇದೆ. ಮದುವೆ, ಜಾವಳ, ಪುರಾಣ, ಗಾಡಿ ಶರ್ಯತ್ತು, ಚುನಾವಣೆ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಆಂಪ್ಲಿಫೈಯರ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಾಲ್ಕು ತಾಲೂಕಿನ ಭಾಷಣಗಳನ್ನೆಲ್ಲ ಕೇಳಿ ಕೇಳಿ ನನಗೆ ಒಂದು ಸಿಟ್ಟು ಕಾಯಂ ಆಗಿಬಿಟ್ಟಿದೆ. ಮೈಕನ್ನು ಬೆರಳಿನಿಂದ ಬಡಿದು ‘ಹಲೋ ಹಲೋ’ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಮೈಕಿನಿಂದ ಮಾರು ದೂರ ನಿಂತು ಮಾತಾಡಿ, ಆಮೇಲೆ ‘ಸೌಂಡs ಇಲ್ಲಲ್ಲೋ ಸಿದ್ಧಾರೂಢ’ ಎಂದು ನನ್ನನ್ನೇ ಬೈಯುವ ಮುಖಂಡರನ್ನು ಕಂಡರಂತೂ ಮೈ ಉರಿಯುತ್ತದೆ.

ಶಟ್ಟೆಪ್ಪ ಪಾಸ್ಟರರು ಮೈಕು ಬಡಿಯುವುದಿಲ್ಲ. ಅವರಿಗೆ ಮೈಕೇ ಬೇಕಾಗಿಲ್ಲ ಎನ್ನುವುದು ಬೇರೆ ಮಾತು. ಮೊದಲು ಮಾರ್ಕೆಟ್ಟಿನಲ್ಲಿ ಹಮಾಲರಾಗಿದ್ದವರು, ಹಮಾಲರ ಸಂಘದ ಮುಂದಾಳು. ದಲಾಲರ ಅಂಗಡಿ ಮುಂದೆ ನಿಂತು ಕೂಗಿದರೆ ರಸ್ತೆಯ ಆಚೆಗಿದ್ದವರೂ ತಿರುಗಿ ನೋಡುತ್ತಿದ್ದರು. ಹೆಂಡತಿ ಮಹಾನಂದಾ ಕಾಯಿಲೆ ಬಿದ್ದು, ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರೂ ಕೈಬಿಟ್ಟಾಗ ಯಾರೋ ಬಂದು ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡಿದರಂತೆ. ಆಕೆ ಎದ್ದು ಕೂತಳು. ಇವರು ಮಲಪ್ರಭೆಯಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡು ಪೆಂಟೆಕೋಸ್ಟ್ ಸಭೆ ಸೇರಿದರು. ಹೆಸರು ಬದಲಿಸಿಕೊಳ್ಳಿ ಎಂದವರಿಗೆ, ‘ನಮ್ಮಪ್ಪ ಇಟ್ಟ ಹೆಸರs. ಅದೇನ ಪಾಪಾ ಮಾಡೇತಿ?’ ಎಂದು ಕೇಳಿದರು.

ದೇವರ ಸೇವೆಗೆ ಬಂದರೂ ಸಂಘದ ಬಾಯಿ ಹೋಗಲಿಲ್ಲ. ಹಳೆಯ ಲೂನಾ ಹತ್ತಿ ಇವತ್ತು ಕಿತ್ತೂರು, ನಾಳೆ ಸವದತ್ತಿ, ನಾಡಿದ್ದು ರಾಮದುರ್ಗ ಎಂದು ತಿರುಗುತ್ತಿದ್ದರು. ಎಲ್ಲಿ ಹೋದರೂ ಮೊದಲರ್ಧ ಸುವಾರ್ತೆ, ಉಳಿದರ್ಧ ತಕರಾರು. ಕಿರಾಣಿ ಅಂಗಡಿಯಲ್ಲಿ ಸಾರಾಯಿ ಮಾರುವುದು, ಡ್ಯಾಮಿನ ಬುಡದಲ್ಲೇ ಇದ್ದು ಕುಡಿಯುವ ನೀರಿಲ್ಲದ ಹಳ್ಳಿ, ನಿಂತುಹೋದ ವಿಧವಾ ವೇತನ. ಹೆಸರು ಹಿಡಿದೇ ಹೇಳುತ್ತಿದ್ದರು, ಪಕ್ಷ ನೋಡುತ್ತಿರಲಿಲ್ಲ. ಹೀಗಾಗಿ ಪ್ರತಿ ಪಕ್ಷದವರೂ ಅವರನ್ನು ಇನ್ನೊಂದು ಪಕ್ಷದ ಮನುಷ್ಯ ಎನ್ನುತ್ತಿದ್ದರು. ಮತಾಂತರ ಮಾಡುತ್ತಾನೆ ಎಂದು ಕೆಲವರು ಅಂಗಡಿಗೆ ಬಂದು ನನ್ನನ್ನೂ ಎಚ್ಚರಿಸಿದ್ದುಂಟು. ಸೋಮವಾರ ಒಂದೇ ಹೊತ್ತು ಉಣ್ಣುವ ನನ್ನನ್ನು ಅವರು ಇಷ್ಟು ವರ್ಷದಲ್ಲಿ ಬದಲಿಸಲಿಲ್ಲ. ಬಾಡಿಗೆ ಇಳಿಸುವಂತೆ ಮಾತ್ರ ಪ್ರತಿ ಸಲವೂ ಮಾಡಿದರು.

ಈಗ ಹೇಳಬೇಕಾದದ್ದು ಸುಂದರವ್ವನ ವಿಷಯ.

ಸುರೇಬಾನದಿಂದ ಒಳಗೆ ಹೋದರೆ ಒಂದು ಹಳ್ಳಿ ಬರುತ್ತದೆ. ಹೆಸರು ಹೇಳುವುದಿಲ್ಲ, ಆ ಊರವರೂ ನನ್ನ ಗಿರಾಕಿಗಳೇ. ಅಲ್ಲಿ ಹೊಲ ಇದ್ದವರು ಸತ್ತರೆ ಅವರವರ ಹೊಲದಲ್ಲಿ ಮಣ್ಣು ಮಾಡುತ್ತಾರೆ. ಇಲ್ಲದವರಿಗೆ ಹಳ್ಳದ ದಂಡೆಯಲ್ಲಿ ಸರಕಾರದ ಒಂದು ತುಂಡು ಜಮೀನು ಬಿಟ್ಟಿದೆ. ಕಾಲುವೆ ನೀರು ಬಂದ ಮೇಲೆ ಪಕ್ಕದ ಹೊಲದ ಮಲಕಾಜಪ್ಪ ಸಾವ್ಕಾರರ ಕಬ್ಬು ಬದು ದಾಟಿ ಆ ಜಮೀನಿಗೆ ಬಂತು. ಕಬ್ಬಿಗೆ ಕಾಲಿಲ್ಲ, ಸಾವ್ಕಾರರಿಗಿದೆ. ಉಳಿದದ್ದು ಮೊಳದಷ್ಟು ದಂಡೆ. ಆ ದಂಡೆಗಾಗಿ ಬಡವರು ಬಡವರೊಳಗೇ ಜಗಳ ಹತ್ತಿತು. ‘ನಿಮ್ಮ ದೇವರ ಬ್ಯಾರೆ, ನಿಮ್ಮ ಹೆಣಾನೂ ಬ್ಯಾರೆ ಕಡೆ ಒಯ್ಯರಿ’ ಎಂದು ವಿಶ್ವಾಸಿಗಳನ್ನು ಹೊರಗಿಟ್ಟರು. ವಿಶ್ವಾಸಿಗಳೆಂದರೆ ಪಾಸ್ಟರರ ಸಭೆಗೆ ಹೋಗುವವರು, ಆ ಊರಲ್ಲಿ ನಾಲ್ಕೈದು ಮನೆ.

ಹಿಂದಿನ ವರ್ಷ ಅದೇ ಊರಿನ ಹನುಮಪ್ಪ ತೀರಿಕೊಂಡಾಗ ಹೆಣ ಒಯ್ಯಲು ಯಾರೂ ಗಾಡಿ ಕೊಡಲಿಲ್ಲ. ಸ್ಪೀಕರ್ ಹೇರುವ ನನ್ನ ಟೆಂಪೋ ತೆಗೆದುಕೊಂಡು ಹೋದೆ. ರಾಮದುರ್ಗದಲ್ಲಿ ಜಾಗ ಇಲ್ಲ ಎಂದರು, ಸವದತ್ತಿಯಲ್ಲಿ ಕಾಗದ ತನ್ನಿ ಎಂದರು. ಹಗಲೆಲ್ಲ ಬಿಸಿಲಲ್ಲಿ ಅಲೆದು ಕಡೆಗೆ ದೂರದ ಪೇಟೆಯ ಒಂದು ಹಳೆಯ ಚರ್ಚಿನವರ ಕೈಕಾಲು ಹಿಡಿದು ಅಲ್ಲಿ ಹೂಳಿದೆವು. ಹನುಮಪ್ಪನ ತಂಗಿ ಸುಂದರವ್ವ ಹೆಣದ ತಲೆ ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲೇ ಕೂತಿದ್ದಳು. ತಿರುಗಿ ಬರುವಾಗ ಪಾಸ್ಟರರಿಗೆ ಹೇಳಿದಳು:

‘ಪಾಸ್ಟರ್, ನನ್ನ ಹಿಂಗ ಗಾಡ್ಯಾಗ ತಿರಗ್ಯಾಡಸಬ್ಯಾಡ್ರಿ. ಹುಟ್ಟಿದ ಊರಾಗ ನಾಕ ಮೊಳ ಜಾಗಾ ಕೊಡಸ್ರಿ. ಬ್ಯಾರೆ ಏನೂ ಕೇಳೂದಿಲ್ಲ.’

‘ಕೊಡಸ್ತೇನವ್ವಾ,’ ಎಂದರು ಪಾಸ್ಟರರು. ‘ನಿನ್ನ ಊರಾಗ, ಹಳ್ಳದ ದಂಡ್ಯಾಗ. ಗಾಡಿ ಹತ್ತಸೂದಿಲ್ಲ.’

ಸ್ಟೇರಿಂಗ್ ಹಿಡಿದಿದ್ದ ನನಗೆ ಸಿಟ್ಟು ಬಂತು. ಕೈಯಲ್ಲಿ ಆಗದ್ದನ್ನು ಮುದುಕಿಗೆ ಯಾಕೆ ಮಾತು ಕೊಡಬೇಕು ಎಂದುಕೊಂಡೆ. ಆದರೆ ಮಾರನೆಯ ದಿನವೇ ಅವರು ರಾಮದುರ್ಗದ ಕಚೇರಿ ಮುಂದೆ ನಿಂತು ಸಾವ್ಕಾರರ ಹೆಸರು ಹಿಡಿದು ಕೂಗಲು ಶುರುಮಾಡಿದರು. ಪ್ರತಿ ವಾರ ಹೋದರು. ಸಭೆಯ ಮೇಲಿನವರು ಫೋನ್ ಮಾಡಿ, ‘ಬ್ರದರ್, ನಾವು ಸಣ್ಣ ಮಂದಿ, ರಾಜಕೀಯ ನಮಗ್ಯಾಕ?’ ಎಂದರು. ‘ಸಣ್ಣ ಮಂದೀಗೂ ಸಾವ ಬರತೈತ್ರಿ ಬ್ರದರ್,’ ಎಂದು ಇವರು ಫೋನ್ ಇಟ್ಟರು.

ಅಷ್ಟರಲ್ಲಿ ಚುನಾವಣೆ ಬಂತು, ಮಲಕಾಜಪ್ಪ ಸಾವ್ಕಾರರೇ ನಿಂತರು. ಪೊಲೀಸರು ಪಾಸ್ಟರರನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಚುನಾವಣೆ ಮುಗಿಯುವವರೆಗೆ ಭಾಷಣ ಮಾಡಬಾರದು, ಘೋಷಣೆ ಕೂಗಬಾರದು, ಮೆರವಣಿಗೆ ತೆಗೆಯಬಾರದು. ಅವರು ತಕರಾರಿಲ್ಲದೆ ಸಹಿ ಹಾಕಿ, ‘ಮತ್ತ ಪ್ರಾರ್ಥನಾರಿ?’ ಎಂದು ಕೇಳಿದರು.

‘ಪ್ರಾರ್ಥನಾ ಎಷ್ಟರ ಮಾಡ್ಕೋರಿ ಮಾರಾಯ್ರ, ಯಾರ ಬ್ಯಾಡಂತಾರ?’ ಎಂದರಂತೆ ಅಲ್ಲಿದ್ದವರು. ಪಾಸ್ಟರರು ಠಾಣೆಯಿಂದ ನೆಟ್ಟಗೆ ನನ್ನ ಅಂಗಡಿಗೆ ಬಂದು, ಮುರಗೋಡದ ಹೊರಗೆ ಉಜ್ಜೀವನ ಕೂಟ ಎಂಬ ದೊಡ್ಡ ಪ್ರಾರ್ಥನಾ ಸಭೆ ಇಟ್ಟಿದ್ದೇವೆ, ನಾಲ್ಕೂ ತಾಲೂಕಿನ ಮಂದಿ ಬರುತ್ತಾರೆ, ದೊಡ್ಡ ಸೆಟ್ ತಾ ಎಂದರು.

ಆ ಕೂಟಕ್ಕೆ ಸಾವ್ಕಾರರೂ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರ ಪಿ.ಎ. ಮಧು ಎಂಬ ಹುರುಪಿನ ಹುಡುಗ ಇದರ ಬೆನ್ನು ಹತ್ತಿದ್ದ. ಪಾಸ್ಟರರು ಸಾವ್ಕಾರರ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ ವಿಡಿಯೊ ಒಂದು ಬಂದರೆ ಸಾಕು, ಕ್ಷೇತ್ರದ ವಿಶ್ವಾಸಿಗಳ ವೋಟು ಬಿತ್ತು, ಪಾಸ್ಟರರ ಬಾಯಿಯೂ ಮುಚ್ಚಿತು ಎಂದು ಅವನ ಲೆಕ್ಕ. ಕಾರಿನಿಂದ ಇಳಿಯುವಾಗ ಸಾವ್ಕಾರರಿಗೆ ಪಾಠ ಹೇಳಿಕೊಡುತ್ತಿದ್ದದ್ದನ್ನು ನಾನೇ ಕೇಳಿದೆ.

‘ಅಣ್ಣಾರ, ಕಣ್ಣ ಮುಚ್ಚಬೇಕ. ಅವ್ರು ಮಾತ ನಿಲ್ಲಿಸಿದ ಕೂಡಲೆ ಜೋರಲೆ ಆಮೆನ್ ಅನ್ನಬೇಕ. ಅಷ್ಟ ರೀ.’

ಯಾರು ಪ್ರಾರ್ಥನೆ ಕೇಳಿಕೊಂಡು ಬಂದರೂ ಪಾಸ್ಟರರು ಒಲ್ಲೆ ಎನ್ನುವುದಿಲ್ಲ. ಜ್ವರ ಬಂದ ಕೂಸು, ಪರೀಕ್ಷೆಗೆ ಹೊರಟ ಹುಡುಗಿ, ಹೊಸ ಸ್ಕೂಟರಿನ ಹೆಡ್‌ಲೈಟು, ಎಲ್ಲದರ ಮೇಲೂ ಕೈ ಇಡುತ್ತಾರೆ. ಸಾವ್ಕಾರರು ಸ್ಟೇಜಿನ ಮೇಲೆ ಮೊಣಕಾಲೂರಿದರು. ಮಧುವಿನ ಹುಡುಗರು ಫೋನು ಎತ್ತಿ ಲೈವ್ ಬಿಟ್ಟರು. ಪಾಸ್ಟರರು ಒಂದು ಕೈಯಲ್ಲಿ ಮೈಕು ಹಿಡಿದು, ಮೂಟೆ ಎತ್ತಿ ಎತ್ತಿ ದಪ್ಪಗಾದ ಇನ್ನೊಂದು ಕೈಯನ್ನು ಸಾವ್ಕಾರರ ತಲೆಯ ಮೇಲೆ ಇಟ್ಟರು. ಇಡೀ ಮೈದಾನ ಕಣ್ಣು ಮುಚ್ಚಿತು. ಫೋನು ಹಿಡಿದ ಹುಡುಗರನ್ನು ಬಿಟ್ಟರೆ ಕಣ್ಣು ತೆರೆದು ಕೂತವನು ನಾನೊಬ್ಬನೇ, ಸೆಟ್ ಕಾಯಬೇಕಲ್ಲ.

‘ಕರ್ತನೇ, ಇಂವ ಮಲಕಾಜಪ್ಪ, ನಿನ್ನ ಮಗಾ. ಇವಂಗ ಆರೋಗ್ಯಾ ಕೊಡು, ಆಯುಷ್ಯಾ ಕೊಡು.’

‘ಆಮೆನ್!’ ಎಂದರು ಸಾವ್ಕಾರರು. ಮೈದಾನವೂ ಎಂದಿತು.

‘ಇವನ ತಾಯಿ ಇಂದ್ರವ್ವನ್ನ ಕಾಪಾಡು.’

‘ಆಮೆನ್!’

‘ಇವನ ಹೊಲಾ ಚೊಲೋ ಬೆಳೀಲಿ. ಇವನ ಹೊಲಾ ಇವಂಗ ಸಾಕಾಗಲಿ, ಕರ್ತನೇ. ಸತ್ತವರಿಗೆ ಅಂತ ಬಿಟ್ಟ ಹಳ್ಳದ ದಂಡಿ ಜಾಗಾದಾಗ ಇವನ ಕಬ್ಬ ನಿಂತೈತಿ. ಅದನ್ನ ಕಡದ ಜಾಗಾ ಬಿಡೂ ಮನಸ ಇವಂಗ ಕೊಡು.’

‘ಆಮೆನ್!’

ಎಲ್ಲರಿಗಿಂತ ಜೋರಾಗಿ ಕೂಗಿದವರು ಸಾವ್ಕಾರರೇ. ಕೂಗಿದ ಮೇಲೆ ಕಣ್ಣು ಬಿಟ್ಟರು. ಪಾಸ್ಟರರ ಕಣ್ಣು ಮಾತ್ರ ಮುಚ್ಚಿಯೇ ಇತ್ತು.

‘ಇಷ್ಟ ಮಂದಿ ಮುಂದ ಇಂವ ಒಪ್ಪಿಕೊಂಡಾನ, ನಿನಗ ಸ್ತೋತ್ರ. ಆ ಮುದಕಿ ಸುಂದರವ್ವ ಇರೂದರಾಗನ ಇಂವ ಆ ಜಾಗಾ ಖಾಲಿ ಮಾಡ್ಲಿ.’

ಪಾಸ್ಟರರು ನಿಲ್ಲಿಸಿ ಕಾದರು. ಸಾವ್ಕಾರರು ಏಳಲು ನೋಡಿದರು, ತಲೆಯ ಮೇಲೆ ಆ ಕೈ ಭಾರವಾಗಿ ಕೂತಿತ್ತು. ಕೊಡವಿಕೊಂಡು ಏಳೋಣವೆಂದರೆ ಅವರ ಹುಡುಗರದೇ ಲೈವ್ ನಡೆದಿತ್ತು. ನನ್ನ ಕಡೆ ತಿರುಗಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. ಮಧು ಓಡಿಬಂದು ಕಿವಿಯಲ್ಲಿ, ‘ಬಂದ್ ಮಾಡೋ ಮೈಕ,’ ಎಂದ.

‘ಗುಡ್ಯಾಗ ಮಂಗಳಾರತಿ ನಡದಾಗ ಬಂದ್ ಮಾಡೇನೇನಪಾ?’ ಎಂದೆ. ‘ಪ್ರಾರ್ಥನಾ ಮುಗೀಲಿ.’

ಇದನ್ನು ದೊಡ್ಡ ಧೈರ್ಯ ಎಂದು ತಿಳಿಯಬೇಡಿ. ಸಾವ್ಕಾರರ ಪ್ರಚಾರದ ಸೆಟ್ಟೆಲ್ಲ ನನ್ನದೇ, ಆ ಬಾಡಿಗೆ ಕೈತಪ್ಪುವ ಭಯ ಇದ್ದೇ ಇತ್ತು. ಆದರೆ ಹನುಮಪ್ಪನನ್ನು ಬಿಸಿಲಲ್ಲಿ ತಿರುಗಿಸಿದವನು ನಾನು.

ಸಾವ್ಕಾರರು ತುಟಿಯಲ್ಲೇ ‘ಆಮೆನ್’ ಎಂದರು. ಪಾಸ್ಟರರು ಕಣ್ಣು ತೆರೆಯದೆ ಮೈಕನ್ನು ಅವರ ಬಾಯಿಗೆ ಹಿಡಿದು, ‘ಹಿಂದ ಕುಂತವರಿಗೆ ಕೇಳಸಲಿಲ್ಲ, ಸಾವ್ಕಾರ,’ ಎಂದರು. ಸಾವ್ಕಾರರು ಮತ್ತೊಮ್ಮೆ ಎಂದರು. ಈ ಸಲ ಮುರಗೋಡದ ಮಠದವರೆಗೂ ಕೇಳಿಸಿರಬೇಕು.

ಮಾರನೆಯ ದಿನ ಆ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ಪಾಸ್ಟರರನ್ನು ಠಾಣೆಗೆ ಕರೆದು ಮುಚ್ಚಳಿಕೆ ಮುರಿದಿರಿ ಎಂದರು. ಇವರು, ‘ಓದ್ರಿ, ಅದರಾಗ ಪ್ರಾರ್ಥನಾ ಅಂತ ಎಲ್ಲೆರ ಐತೇನು?’ ಎಂದು ಕೇಳಿ ಚಹಾ ಕುಡಿದು ಬಂದರು. ಆದರೆ ಊರುಗಳಲ್ಲಿ ಹಬ್ಬಿದ ಮಾತೇ ಬೇರೆ. ಜಮೀನು, ಸರಕಾರ, ಸ್ಮಶಾನ, ಇದಾವುದನ್ನೂ ಜನ ಆಡಲಿಲ್ಲ. ಅವರು ನೋಡಿದ್ದು ತಲೆ ಮತ್ತು ಕೈ.

ನಮ್ಮ ಕಡೆ ತಲೆ ಮುಟ್ಟಿ ಆಡಿದ ಮಾತೆಂದರೆ ಆಣೆ. ಅಣ್ಣತಮ್ಮಂದಿರ ಪಾಲು ಹೀಗೆಯೇ ಬಗೆಹರಿಯುತ್ತದೆ, ಕುಡುಕರು ಹೆಂಡತಿಯರ ಮುಂದೆ ಹೀಗೆಯೇ ಕುಡಿತ ಬಿಡುತ್ತಾರೆ. ತಪ್ಪಿದರೆ ಆ ತಲೆಗೆ ಕೇಡು. ಕೈ ಯಾವ ಧರ್ಮದ್ದು ಎಂದು ಯಾರೂ ಕೇಳುವುದಿಲ್ಲ. ‘ಸಾವ್ಕಾರ ಆಣಿ ಮಾಡ್ಯಾನ. ತನ್ನ ತಲೀನ ಕೊಟ್ಟ ಬಂದಾನ,’ ಎಂದು ಚಹಾದಂಗಡಿಗಳಲ್ಲಿ ಮಾತಾಡಿಕೊಂಡರು. ಫೋಟೊ ಸಲುವಾಗಿ ತಲೆ ಬಗ್ಗಿಸಿದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ಪೇಟೆಯಲ್ಲಿ ಬೆಳೆದ ಮಧುವಿಗೂ ಗೊತ್ತಿರಲಿಲ್ಲ.

ಸಾವ್ಕಾರರು ಸ್ವಲ್ಪದರಲ್ಲೇ ಗೆದ್ದರು. ಕಬ್ಬು ಹಾಗೆಯೇ ನಿಂತಿತು. ‘ಪ್ರಾರ್ಥನಾ ಅಂದ್ರ ಕರಾರಪತ್ರ ಏನಲೇ?’ ಎಂದು ನಕ್ಕರಂತೆ. ನಕ್ಕ ವಾರದಲ್ಲೇ ಬಚ್ಚಲಲ್ಲಿ ಜಾರಿಬಿದ್ದು ತಲೆ ಒಡೆದುಕೊಂಡರು. ಹೊಲಿಗೆ ಬಿತ್ತು. ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ವಿಜಯದ ಮೆರವಣಿಗೆಗೆ ಬಂದಾಗ ಜನ ಜಯಕಾರ ಹಾಕುವುದನ್ನು ಬಿಟ್ಟು ಆ ಪಟ್ಟಿಯನ್ನೇ ನೋಡಿದರು.

ಇದಾದ ಮೇಲೆ ಒಂದು ಮುಂಜಾನೆ ಸಾವ್ಕಾರರ ತಾಯಿ ಇಂದ್ರವ್ವ ನನ್ನ ಅಂಗಡಿಗೆ ಬಂದಳು. ಆಕೆಯ ತವರು ಸಂಪಗಾಂವ, ನಮ್ಮವ್ವನದೂ ಅದೇ ಊರು, ಹೀಗಾಗಿ ನನಗೆ ದೊಡ್ಡವ್ವ. ಪಾಸ್ಟರರ ಮನೆಗೆ ಹೋದರೆ ಮಂದಿ ನೋಡುತ್ತಾರೆ, ಅವರನ್ನೇ ಇಲ್ಲಿಗೆ ಕರೆಸು ಎಂದಳು. ಕರೆಸಿದೆ. ಪಾಸ್ಟರರು ಬಂದು ಸ್ಪೀಕರ್ ಬಾಕ್ಸಿನ ಮೇಲೆ ಕೂತ ಕೂಡಲೇ ದೊಡ್ಡವ್ವ ಸೆರಗು ಒಡ್ಡಿದಳು.

‘ನನ್ನ ಮಗನ ತಲಿ ಬಿಡ್ರಿ ಯಪ್ಪಾ. ಒಬ್ಬಾವನs ಅದಾನ. ಮೊದಲs ಪೆಟ್ಟಿಗೆ ತಲಿ ಒಡದೈತಿ, ಇನ್ನೇನ ಕಾದೈತೋ. ಅಂವ ಕೇಳೂದಿಲ್ಲ, ನಾ ನಿಂತ ಆ ಕಬ್ಬ ಕಡಸ್ತೇನಿ, ನಾಳೆನ ಕಡಸ್ತೇನಿ. ಆಣಿ ಬಿಡಸ್ರಿ.’

ನನಗೆ ಕುಣಿಯುವಷ್ಟು ಖುಷಿಯಾಯಿತು. ಸುಂದರವ್ವ ಆ ಹೊತ್ತಿಗೆ ಹಾಸಿಗೆ ಹಿಡಿದಿದ್ದಳು, ಅನ್ನ ನೀರು ಬಿಟ್ಟಿದ್ದಳು. ಪಾಸ್ಟರರು ‘ಆತವ್ವಾ’ ಎಂದರೆ ಕೆಲಸ ಮುಗಿದಿತ್ತು. ಅವರು ಅನ್ನಲಿಲ್ಲ. ಮೊಣಕಾಲು ತಿಕ್ಕುತ್ತ ಕೂತರು. ಆ ಮುಖ ನೋಡಿ ನನಗೆ ಹೆದರಿಕೆ ಹುಟ್ಟಿತು.

‘ಯವ್ವಾ,’ ಎಂದರು ಕಡೆಗೆ, ‘ನಿಮ್ಮ ಮಗನ ತಲಿ ಮ್ಯಾಲ ಯಾವ ಆಣೀನೂ ಇಲ್ಲ. ನಾವು ಆಣಿ ಮಾಡೂದಿಲ್ಲ, ಮಾಡಸೂದೂ ಇಲ್ಲ. ಕೈ ಇಟ್ಟದ್ದು ಆಶೀರ್ವಾದಕ್ಕ. ಅಂವ ಬಚ್ಚಲದಾಗ ಜಾರಿದ್ದು ಸಾಬಾಣ ನೀರಿಗೆ.’

‘ಜಾಗಾ ಬಿಡದಿದ್ರೂ ಅವಂಗ ಏನೂ ಆಗೂದಿಲ್ಲೇನು?’

‘ಏನೂ ಆಗೂದಿಲ್ರಿ. ಸತ್ತವರ ಜಾಗಾ ತಿಂದಾನ ಅಂತ ನಾ ಸಾಯೂತನಕಾ ಒದರತೇನಿ, ಅಷ್ಟ.’

‘ನನ್ನ ಮುಂದ ಖರೇ ಹೇಳ್ರಿ.’

‘ಖರೇನ ಹೇಳಾಕತ್ತೇನಿ. ಮನಿಗೆ ಹೋಗಿ ಸುಖಲೆ ಉಣ್ರಿ.’

ದೊಡ್ಡವ್ವ ಅಲ್ಲೇ ಕೂತು ಅತ್ತಳು. ಎಷ್ಟೋ ದಿನದಿಂದ ನಿದ್ದೆಗೆಟ್ಟ ಕಣ್ಣು ಅವು. ಆಮೇಲೆ ಪಾಸ್ಟರರನ್ನು ಒಮ್ಮೆ ನೋಡಿ ಎದ್ದು ಹೋದಳು. ಕಬ್ಬಿನ ಮಾತೇ ಎತ್ತಲಿಲ್ಲ.

ಆಕೆ ರಸ್ತೆ ದಾಟುವವರೆಗೂ ತಡೆದುಕೊಂಡು, ಆಮೇಲೆ ಅವರ ಮೇಲೆ ಹರಿಹಾಯ್ದೆ. ‘ತಲಿಗಿಲಿ ಕೆಟ್ಟೈತೇನ್ರಿ ನಿಮ್ಮದು? ಕೈಗೆ ಬಂದದ್ದನ್ನ ಒದ್ದಿರಲ್ರಿ! ಊರ ತುಂಬ ಒದರೂ ಬಾಯಿ, ಇಲ್ಲೊಂದೀಟ ಮುಚ್ಚಿಕೊಂಡಿದ್ರ ಏನ ಗಂಟ ಹೋಗ್ತಿತ್ತು? ಸುಂದರವ್ವಗ ಏನ ಹೇಳ್ತೀರಿ?’

‘ಹೆದರಿಸಿ ಇಸ್ಕೊಂಡ ಜಾಗಾದಾಗ ಅಕೀನ ಹೆಂಗ ಮಲಗಸ್ಲೋ ಸಿದ್ದಣ್ಣಾ? ನಾಳೆ ಮತ್ತೊಬ್ಬಾಂವ ಬಂದು ಮುದಕೀನ ಇನ್ನೊಂದಕ್ಕ ಹೆದರಸ್ತಾನ, ಜಾಗಾ ಹೊಳ್ಳಿ ಹೋಗತೈತಿ. ದೇವರ ಹೆಸರಲೆ ಮಂದೀನ ಹೆದರಸೂದು ಬ್ಯಾಡಾ ಅಂತ ಸ್ಟೇಜಿನ ಮ್ಯಾಲ ನಿಂತ ಹೇಳಾವ ನಾನs.’

‘ಮತ್ತ ಮಣ್ಣ ಎಲ್ಲೆ ಮಾಡತೀರಿ?’

‘ಅಲ್ಲೇ.’

‘ಹೆಂಗ?’

‘ಹೊತಗೊಂಡ ಹೋಗೂದು,’ ಎಂದು ಎದ್ದು ಲೂನಾ ಒದ್ದರು. ಅದು ಎಂದಿನಂತೆ ಒಂದೇ ಸಲಕ್ಕೆ ಚಾಲೂ ಆಗಲಿಲ್ಲ.

ಅದೇ ವಾರ ಸುಂದರವ್ವ ತೀರಿಕೊಂಡಳು. ನಾನು ಮೈಕೂ ಇಲ್ಲದೆ, ಬಾಡಿಗೆಯೂ ಇಲ್ಲದೆ ಹೋದೆ. ಟೆಂಪೋವನ್ನು ಊರ ಹೊರಗೇ ಬಿಟ್ಟೆ, ಅದನ್ನು ನೋಡಿದರೆ ನನಗೇ ಹೇಸಿಕೆ ಆಗುತ್ತಿತ್ತು. ಕಿತ್ತೂರಿನಿಂದ, ಸವದತ್ತಿಯಿಂದ, ಬೈಲಹೊಂಗಲದಿಂದ ಬಸ್ಸು ಹಿಡಿದು ವಿಶ್ವಾಸಿಗಳು ಬಂದಿದ್ದರು. ಪಾಸ್ಟರರು ಮುಂದಿನ ಹೆಗಲು ತಾವೇ ಕೊಟ್ಟರು. ಊರ ನಡುವಿನ ದಾರಿಯಲ್ಲೇ ಹೊತ್ತುಕೊಂಡು ಹಳ್ಳದ ಕಡೆಗೆ ನಡೆದೆವು. ಯಾರೂ ಘೋಷಣೆ ಕೂಗಲಿಲ್ಲ, ಹಾಡು ಮಾತ್ರ ಹೇಳಿದರು.

ಕಬ್ಬಿನ ಬದುವಿನ ಮೇಲೆ ಸಾವ್ಕಾರರು ತಮ್ಮ ಕಬ್ಬು ಕಡಿಯುವ ಕೂಲಿಯವರೊಡನೆ ನಿಂತಿದ್ದರು. ಇಬ್ಬರು ಪೊಲೀಸರೂ ಇದ್ದರು. ಹಳ್ಳದ ಆಚೆ ದಂಡೆಗೆ ಊರವರೆಲ್ಲ ಸೇರಿದ್ದರು. ಅವರು ಬಂದದ್ದು ಮಣ್ಣಿಗಲ್ಲ, ಆಣೆಯ ಕಥೆ ಏನಾಗುತ್ತದೆಂದು ನೋಡುವುದಕ್ಕೆ.

‘ಕಬ್ಬಿನ ಒಂದ ಗಣಿಕಿ ಮುಟ್ಟಿದ್ರೂ ಕೇಸ ಹಾಕಸ್ತೇನಿ,’ ಎಂದರು ಸಾವ್ಕಾರರು. ತಲೆಯ ಪಟ್ಟಿ ಸಣ್ಣದಾಗಿತ್ತು. ‘ಆಮೆನ್ ಅಂದಿದ್ದಕ್ಕ ಹೊಲಾ ಬಿಟ್ಟಕೊಡಬೇಕೇನು? ಆಣಿ ಅಂತ, ಆಣಿ!’

‘ಅದು ಆಣಿ ಅಲ್ರಿ,’ ಎಂದರು ಪಾಸ್ಟರರು. ಆಚೆ ದಂಡೆಯವರಿಗೂ ಕೇಳುವ ಹಾಗೆ ದನಿ ಏರಿಸಿದರು. ‘ಎಲ್ಲಾರೂ ಕೇಳ್ರಿ. ಸಾವ್ಕಾರ್ರ ತಲಿ ಮ್ಯಾಲ ಯಾವ ಆಣೀನೂ ಇಲ್ಲ. ಜಾಗಾ ಸರಕಾರದ್ದು, ಸತ್ತವರಿಗೆ ಅಂತ ಬಿಟ್ಟದ್ದು. ಅದಕ್ಕ ಬಿಡಬೇಕು. ಬ್ಯಾರೆ ಯಾವ ಕಾರಣಾನೂ ಇಲ್ಲ.’

ಊರವರಿಗೆ ನಿರಾಸೆಯಾಯಿತು. ಕೆಲವರು ಅಲ್ಲಿಂದಲೇ ತಿರುಗಿ ಹೊರಟರು. ಪೊಲೀಸರು ಸಾವ್ಕಾರರ ಮುಖ ನೋಡಿದರು, ಸಾವ್ಕಾರರ ಮುಖದಲ್ಲಿ ನಗು ಬಂತು. ಪಾಸ್ಟರರು ಸುಂದರವ್ವನನ್ನು ಬದುವಿನ ಪಕ್ಕ ನೆರಳಿಗೆ ಇಳಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

‘ನಾವು ಕಬ್ಬ ಮುಟ್ಟೂದಿಲ್ರಿ. ನೀವು ಕಡಿಸೂತನಕಾ ಕುಂದರ್ತೇವಿ.’

ಮಹಾನಂದಾ ಅವರ ಪಕ್ಕ ಕೂತಳು. ಬಂದವರೆಲ್ಲ ಕೂತರು. ನಾನೂ ಕೂತೆ. ಬಿಸಿಲು ಏರಿತು. ನೆರಳು ಸರಿದ ಹಾಗೆ ಹೆಣವನ್ನೂ ಸರಿಸಿದೆವು, ಹೆಂಗಸರು ಸೆರಗು ಹಿಡಿದು ನಿಂತರು. ಹಗಲೆಲ್ಲ ಹೀಗೇ ಕೂತರೆ ಏನು ಗತಿ ಎಂದು ನನಗೆ ಅಳು ಬರುವಂತಾಗಿತ್ತು. ಪಾಸ್ಟರರ ಮುಖದಲ್ಲಿ ಮಾತ್ರ ಏಳುವ ಲಕ್ಷಣ ಇರಲಿಲ್ಲ.

ಅಷ್ಟರಲ್ಲಿ ಕಬ್ಬಿನ ಸಾಲಿನೊಳಗಿಂದ ಇಂದ್ರವ್ವ ದೊಡ್ಡವ್ವ ಬಂದಳು. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು.

‘ಯವ್ವಾ, ನೀ ಯಾಕ ಬಂದಿ?’ ಎಂದರು ಸಾವ್ಕಾರರು. ‘ಆಣಿ ಇಲ್ಲಂತ ಅವರs ಹೇಳ್ಯಾರ. ಇನ್ನೇನ ಹೆದರಿಕಿ ನಿನಗ?’

‘ಹೆದರಿಕಿ ಇದ್ದಾಗ ಮನ್ಯಾಗ ಬಾಗಲಾ ಹಾಕ್ಕೊಂಡ ಕುಂತಿದ್ನಿ. ಈಗ ಇಲ್ಲ, ಅದಕ್ಕ ಬಂದೇನಿ,’ ಎಂದಳು ದೊಡ್ಡವ್ವ. ಏದುಸಿರು ಬಿಡುತ್ತಿದ್ದಳು. ‘ಆಣಿ ಐತಿ ಅಂತ ಇವ್ರು ಹೂಂ ಅಂದಿದ್ರ ಮರದಿನಾನ ನಾ ಈ ಕಬ್ಬ ಕಡಸ್ತಿದ್ನಿ. ಅದು ಇವ್ರಿಗೆ ಗೊತ್ತಿತ್ತು. ಆದ್ರೂ ಸುಳ್ಳ ಹೇಳಲಿಲ್ಲ. ಹೋಗಿ ಉಣ್ಣರಿ ಅಂತ ನನ್ನ ಮನಿಗೆ ಕಳಿಸಿದ್ರು. ನಾ ಉಂಡ್ನಿ, ಮಕ್ಕೊಂಡ್ನಿ. ಈಗ ಅವರ ಹೆಣಾ ನಮ್ಮ ಬದುವಿನ ಮ್ಯಾಲ ಬಿಸಲಾಗ ಕುಂತಿರಬೇಕೇನೋ?’

ಆಕೆ ಸುಂದರವ್ವನ ಹತ್ತಿರ ಹೋಗಿ ಮುಖದ ಬಟ್ಟೆ ಸರಿಸಿ ನೋಡಿದಳು. ‘ಇದ ಹೊಲದಾಗ ಎಷ್ಟ ವರ್ಷ ಕಬ್ಬ ಕಡದಾಳ ಇಕಿ. ನೀ ಸಣ್ಣಾಂವ ಇದ್ದಾಗ ಗಣಿಕಿ ಸುಲದ ಕೊಡ್ತಿದ್ಳು,’ ಎಂದು ಮಗನಿಗೆ ಹೇಳಿದಳು. ಆಮೇಲೆ ಹಳ್ಳದ ದಂಡೆಯ ಸಾಲಿಗೆ ಹೋಗಿ, ಬಗ್ಗಿ, ಬುಡಕ್ಕೆ ಕೊಯ್ತಾ ಹಾಕಿದಳು. ಮೊದಲ ಏಟಿಗೆ ಕಬ್ಬು ಕಡಿಯಲಿಲ್ಲ. ಎರಡನೆಯ ಏಟಿಗೂ ಕಡಿಯಲಿಲ್ಲ. ಕೂಲಿಯವರಾಗಲಿ, ಪೊಲೀಸರಾಗಲಿ ಯಾರೂ ಅಲುಗಾಡಲಿಲ್ಲ. ಮುದುಕಿ ಮತ್ತೆ ಕೊಯ್ತಾ ಎತ್ತಿದಳು.

‘ಕೈ ಕೊಯ್ಕೊಂತಿ, ಕೊಡ ಇಲ್ಲೆ,’ ಎಂದು ಸಾವ್ಕಾರರು ಬದು ಇಳಿದು ಬಂದು ತಾಯಿಯ ಕೈಯಿಂದ ಕೊಯ್ತಾ ಕಸಿದುಕೊಂಡರು. ಎಸೆಯುತ್ತಾರೆ ಎಂದುಕೊಂಡೆ. ಕೊಯ್ತಾ ಹಿಡಿದು ಒಮ್ಮೆ ತಾಯಿಯನ್ನು, ಒಮ್ಮೆ ಕೂತಿದ್ದ ನಮ್ಮೆಲ್ಲರನ್ನು ನೋಡಿದರು. ಆಮೇಲೆ ಬಗ್ಗಿ ಒಂದೇ ಏಟಿಗೆ ಆ ಕಬ್ಬು ಉರುಳಿಸಿದರು. ಕೂಲಿಯವರಿಗೆ ಅಷ್ಟು ಸಾಕಾಯಿತು. ಹತ್ತಾರು ಕೊಯ್ತಾ ಕೆಲಸಕ್ಕೆ ಬಿದ್ದವು.

ಕುಣಿ ತೋಡಿ, ಸುಂದರವ್ವನನ್ನು ಇಳಿಸಿದೆವು. ಪಾಸ್ಟರರು ಪ್ರಾರ್ಥನೆ ಮಾಡಿದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಚಿಕ್ಕ ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕತೊಡಗಿದರು. ದೊಡ್ಡವ್ವನೂ ಹಾಕಿದಳು.

ಸಾವ್ಕಾರರು ಪಾಸ್ಟರರ ಪಕ್ಕ ಬಂದು ನಿಂತರು. ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು:

‘ನಿಮ್ಮ ಮುದಕಿಗೆ ಜಾಗಾ ಆತಲ್ಲ. ಇನ್ನರ ಬಾಯಿ ಮುಚ್ಚತೀರೇನು?’

‘ಇವತ್ತ ಮುಚ್ಚತೇನ್ರಿ,’ ಎಂದರು ಪಾಸ್ಟರರು. ‘ಆದ್ರ ಇಷ್ಟ ಕಡದದ್ದು ಒಬ್ಬಾಕಿಗೆ. ಉಳಿದ ಜಾಗಾದಾಗ ಇನ್ನೂ ನಿಮ್ಮ ಕಬ್ಬ ನಿಂತೈತಿ. ನಾಳೆ ಮುಂಜಾನೆ ರಾಮದುರ್ಗದಾಗ ಕಚೇರಿ ಮುಂದ ಒದರಾವ ಅದೇನಿ. ನೀವೂ ಬರ್ರಿ, ಕೂಡೆ ಕೇಳೂಣು. ಈಗ ಮಣ್ಣ ಹಾಕ್ರಿ.’

ಸಾವ್ಕಾರರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದರು.